ದಂಡ್ಯರು, ಅದಂಡ್ಯರು: ಮಿತಾಕ್ಷರೆಯ ಕಲ್ಯಾಣದಿಂದ ಮೈಸೂರಿನ ಟಾಡಾ ನ್ಯಾಯಾಲಯದವರೆಗೆ

ಅಪರಾಧಿಯನ್ನು ದಂಡಿಸದೆ ಬಿಡುವುದು, ನಿರಪರಾಧಿಯನ್ನು ದಂಡಿಸುವುದು, ಇವೆರಡರಲ್ಲಿ ಯಾವುದು ಹೆಚ್ಚಿನ ದೋಷವೆಂಬ ಪ್ರಶ್ನೆ ರಾಜ್ಯವೆಂಬುದು ಹುಟ್ಟಿದಂದಿನಿಂದಲೂ ಇದೆ. ನಮ್ಮ ಧರ್ಮಶಾಸ್ತ್ರಕಾರರು ಮೊದಲನೆಯವನನ್ನು ದಂಡ್ಯನೆಂದೂ ಎರಡನೆಯವನನ್ನು ಅದಂಡ್ಯನೆಂದೂ ಕರೆದರು. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಈ ಎರಡು ತಪ್ಪುಗಳನ್ನೂ ಒಟ್ಟಿಗೆ ಹೇಳಿ, ಎರಡನ್ನೂ ಮಾಡಿದ ಅರಸನಿಗೆ ಈ ಲೋಕದಲ್ಲಿ ಅಪಕೀರ್ತಿಯನ್ನೂ ಪರಲೋಕದಲ್ಲಿ ನರಕವನ್ನೂ ವಿಧಿಸುತ್ತದೆ. ಮೇಲುನೋಟಕ್ಕೆ ಇಲ್ಲಿ ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿಯೇ ನಿಂತಿವೆ.

ಆದರೆ ವಾಸಿಷ್ಠ ಧರ್ಮಸೂತ್ರದ ಹತ್ತೊಂಬತ್ತನೆಯ ಅಧ್ಯಾಯವನ್ನು ತೆರೆದರೆ ಈ ಸಮತೆ ಉಳಿಯುವುದಿಲ್ಲ. ಅಲ್ಲಿ ದೋಷವನ್ನು ಉಪವಾಸದ ರಾತ್ರಿಗಳಿಂದ ಅಳೆಯಲಾಗಿದೆ. ದಂಡ್ಯನನ್ನು ಬಿಟ್ಟುಬಿಟ್ಟರೆ ಅರಸನಿಗೆ ಒಂದು ರಾತ್ರಿಯ ಉಪವಾಸ, ಪುರೋಹಿತನಿಗೆ ಮೂರು ರಾತ್ರಿಯದು. ಅದಂಡ್ಯನನ್ನು ದಂಡಿಸಿದರೆ ಅರಸನ ಉಪವಾಸ ಮೂರು ರಾತ್ರಿಗೆ ಏರುತ್ತದೆ. ಪುರೋಹಿತನಂತೂ ಕೃಚ್ಛ್ರವೆಂಬ ಹನ್ನೆರಡು ದಿನಗಳ ಕಠಿಣ ವ್ರತವನ್ನು ಆಚರಿಸಬೇಕು. ಎರಡೂ ತಪ್ಪುಗಳೇ, ಎರಡಕ್ಕೂ ಪ್ರಾಯಶ್ಚಿತ್ತವುಂಟು. ಆದರೆ ಒಂದರ ಭಾರ ಅರಸನ ಪಾಲಿಗೆ ಮೂರು ಪಟ್ಟು. ಸಲಹೆ ಕೊಟ್ಟವನ ಹೊಣೆ ಆಜ್ಞೆ ಮಾಡಿದವನದಕ್ಕಿಂತ ಹೆಚ್ಚೆಂಬುದೂ ಈ ಲೆಕ್ಕದಲ್ಲಿ ಅಡಗಿದೆ. ಶಾಸ್ತ್ರವನ್ನು ಬಲ್ಲವನು ತಪ್ಪು ದಾರಿ ತೋರಿದರೆ ಅವನಿಗೆ ಅರಿಯದೆನೆಂಬ ನೆಪವಿಲ್ಲವಷ್ಟೆ.

ಈ ವಿಚಾರವು ಕನ್ನಡ ನಾಡಿನಲ್ಲಿಯೇ ವಿಸ್ತಾರವಾದ ನ್ಯಾಯಪದ್ಧತಿಯ ರೂಪ ಪಡೆಯಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟವೇರಿದನು. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನು. ಕಲಬುರಗಿ ಜಿಲ್ಲೆಯ ಮರತೂರನ್ನು ವಿದ್ವಾಂಸರು ಅವನ ಊರೆಂದು ಗುರುತಿಸಿದ್ದಾರೆ. ದಾಯಭಾಗದ ವಿಷಯದಲ್ಲಿ ಈ ಗ್ರಂಥಕ್ಕೆ ಭಾರತದ ಬಹುಭಾಗದಲ್ಲಿ ಸಂದ ಮನ್ನಣೆ ಸರ್ವವಿದಿತ. ಬ್ರಿಟಿಷರ ನ್ಯಾಯಾಲಯಗಳೂ ಅದನ್ನು ಆಧಾರವಾಗಿ ಹಿಡಿದವು. ಆದರೆ ಅಪರಾಧ ವಿಚಾರಣೆಯನ್ನು ಕುರಿತು ಅದು ಹೇಳಿದ ಮಾತುಗಳನ್ನು ಓದುವವರು ಕಡಿಮೆ. ಆಸ್ತಿಯ ಪಾಲಿಗಾಗಿ ಗ್ರಂಥವನ್ನು ತಿರುವಿದ ಕೈಗಳು ಪ್ರಾಣದ ಪಾಲಿನ ಪುಟಗಳಿಗೆ ಬರುವ ಮೊದಲೇ ದಣಿದವೆಂದು ತೋರುತ್ತದೆ.

ಕಳ್ಳನನ್ನು ಗುರುತಿಸುವ ಲಕ್ಷಣಗಳನ್ನು ಯಾಜ್ಞವಲ್ಕ್ಯನು ಪಟ್ಟಿಮಾಡುತ್ತಾನೆ: ಕದ್ದ ವಸ್ತು ಕೈಯಲ್ಲಿ ಸಿಕ್ಕುವುದು, ಹೆಜ್ಜೆಯ ಗುರುತು, ಹಿಂದೊಮ್ಮೆ ಕಳವು ಮಾಡಿದ್ದು, ನೆಲೆಯಿಲ್ಲದ ವಾಸ, ಕುಲನಾಮಗಳನ್ನು ಮರೆಮಾಚುವುದು, ಜೂಜು ಮದ್ಯಗಳ ಚಟ, ಪ್ರಶ್ನಿಸಿದಾಗ ಬಾಯಾರುವುದು, ಸ್ವರ ಬದಲಾಗುವುದು. ಇಂಥವರನ್ನು ಹಿಡಿಯಬಹುದೆಂದು ಸ್ಮೃತಿಯ ಮಾತು. ವಿಜ್ಞಾನೇಶ್ವರನು ಇಲ್ಲಿಯೇ ನಿಂತು ಎಚ್ಚರಿಸುತ್ತಾನೆ. ಹಿಡಿಯುವುದು ಬೇರೆ, ನಿರ್ಣಯಿಸುವುದು ಬೇರೆ. ಇವರು ಕಳ್ಳರೋ ಸಾಧುಗಳೋ ಎಂಬುದನ್ನು ಚೆನ್ನಾಗಿ ಪರೀಕ್ಷಿಸಬೇಕೇ ಹೊರತು ಲಕ್ಷಣವನ್ನು ಕಂಡಮಾತ್ರಕ್ಕೆ ಕಳವನ್ನು ತೀರ್ಮಾನಿಸಲಾಗದು, ಏಕೆಂದರೆ ಕಳ್ಳನಲ್ಲದವನಿಗೂ ಆ ಲಕ್ಷಣಗಳು ಒದಗಬಹುದೆಂಬುದು ಅವನ ಅಭಿಪ್ರಾಯದ ಸಾರ. ಇದಕ್ಕೆ ಆಧಾರವಾಗಿ ಅವನು ನಾರದನನ್ನು ನೆನೆಯುತ್ತಾನೆ. ಕದ್ದ ಮಾಲು ಇನ್ನೊಬ್ಬನ ಕೈಯಿಂದ ಜಾರಿ ಬಿದ್ದದ್ದಿರಬಹುದು, ನೆಲದಲ್ಲಿ ಅಕಸ್ಮಾತ್ತಾಗಿ ದೊರೆತದ್ದಿರಬಹುದು, ಕಳ್ಳನೇ ಎಸೆದು ಹೋದದ್ದಿರಬಹುದು. ಪೊಲೀಸು ಠಾಣೆಯ ಬಾಗಿಲಿನಲ್ಲಿ ನಿಂತ ಯಾವ ಬಡವನ ಬಾಯಿ ತಾನೇ ಒಣಗದಿದ್ದೀತು?

ಸಾಕ್ಷ್ಯದ ವಿಷಯದಲ್ಲಿಯೂ ಇದೇ ಎಚ್ಚರ. ಲೇಖ್ಯ, ಭುಕ್ತಿ, ಸಾಕ್ಷಿ ಎಂಬ ಮೂರು ಮಾನುಷ ಪ್ರಮಾಣಗಳು ಇಲ್ಲದೆಡೆಯಲ್ಲಿ ಮಾತ್ರ ದಿವ್ಯಕ್ಕೆ ಎಡೆ. ತುಲೆ, ಅಗ್ನಿ, ಜಲ, ವಿಷ, ಕೋಶ ಎಂದು ದಿವ್ಯಗಳು ಐದು. ಕಾದ ಕಬ್ಬಿಣವನ್ನು ಹಿಡಿದು ದೇವರ ಮುಂದೆ ಪ್ರಮಾಣ ಮಾಡಿದ ಪ್ರಸಂಗಗಳು ಕನ್ನಡ ಶಾಸನಗಳಲ್ಲಿಯೂ ದೊರೆಯುತ್ತವೆ. ಇಂದಿನ ಓದುಗರಿಗೆ ಇದು ಮೂಢವೆನಿಸುವುದು ಸಹಜ. ಆದರೂ ಗಮನಿಸಬೇಕಾದ ಎರಡು ಅಂಶಗಳಿವೆ. ಮಹಾಭಿಯೋಗದಲ್ಲಿ ಆರೋಪ ಹೊರಿಸಿದವನು, ತಾನು ಸೋತರೆ ದಂಡವನ್ನು ತಾನೇ ಹೊರುವೆನೆಂದು ತಲೆಯೊಡ್ಡಿದರೆ ಮಾತ್ರ ಸಾಮಾನ್ಯವಾಗಿ ದಿವ್ಯವನ್ನು ನಡೆಸಬೇಕು. ಇದು ಮೊದಲನೆಯದು. ಸ್ತ್ರೀಯರು, ಬಾಲರು, ವೃದ್ಧರು, ಕುರುಡರು, ರೋಗಿಗಳು ಮುಂತಾದವರಿಗೆ ಬೆಂಕಿ ವಿಷಗಳಿಲ್ಲ, ತಕ್ಕಡಿ ಮಾತ್ರ. ಇದು ಎರಡನೆಯದು. ಒಮ್ಮೆ ತೂಗಿ, ಅಭಿಮಂತ್ರಿಸಿ, ಮತ್ತೊಮ್ಮೆ ತೂಗಿದಾಗ ಆತ ಮೇಲಕ್ಕೆದ್ದರೆ ಶುದ್ಧ. ಪರೀಕ್ಷೆಯೇ ಶಿಕ್ಷೆಯಾಗಬಾರದೆಂಬ ಅರಿವು, ಒರಟಾದ ರೂಪದಲ್ಲಿಯಾದರೂ, ಇಲ್ಲಿ ಇದ್ದಿತು.

ನಾರದ ಸ್ಮೃತಿಯು ಈ ಸಂದರ್ಭದಲ್ಲಿ ಮಾಂಡವ್ಯನ ಹೆಸರನ್ನು ತೆಗೆಯುತ್ತದೆ. ಆ ಕಥೆ ಮಹಾಭಾರತದ ಆದಿಪರ್ವದ್ದು. ಮೌನವ್ರತದಲ್ಲಿ ನಿಂತಿದ್ದ ಋಷಿಯ ಆಶ್ರಮದಲ್ಲಿ ಕಳ್ಳರು ಮಾಲನ್ನು ಬಚ್ಚಿಟ್ಟು ತಾವೂ ಅವಿತರು. ಬೆನ್ನಟ್ಟಿ ಬಂದ ರಾಜಭಟರು ಕೇಳಿದರೆ ಋಷಿಯು ಮಾತಾಡಲಿಲ್ಲ. ಹುಡುಕಿದಾಗ ಕಳ್ಳರೂ ಸಿಕ್ಕರು, ಮಾಲೂ ಸಿಕ್ಕಿತು. ಭಟರು ಋಷಿಯನ್ನೂ ಅವರೊಡನೆ ಕಟ್ಟಿದರು. ಅರಸನು ಎಲ್ಲರನ್ನೂ ಒಟ್ಟಿಗೆ ಶೂಲಕ್ಕೇರಿಸಿದನು. ಋಷಿಯು ಸಾಯದೆ ಉಳಿದಾಗ ಅರಸನು ಓಡಿಬಂದು ಕ್ಷಮೆ ಬೇಡಿ, ಶೂಲವನ್ನು ಕೀಳಿಸಲು ಯತ್ನಿಸಿದನು. ಅದು ಬರಲಿಲ್ಲ, ಹೊರಗಿನ ಭಾಗವನ್ನು ಕತ್ತರಿಸಬೇಕಾಯಿತು. ಮುರಿದ ಮೊನೆಯನ್ನು ಮೈಯೊಳಗೆ ಹೊತ್ತುಕೊಂಡೇ ಅವನು ಲೋಕವನ್ನು ತಿರುಗಿದನು, ಅಣಿಮಾಂಡವ್ಯನೆನಿಸಿದನು.

ಈ ಕಥೆಯಲ್ಲಿ ನಿಜವಾದ ಕಳ್ಳರು ತಪ್ಪಿಸಿಕೊಳ್ಳಲಿಲ್ಲವೆಂಬುದನ್ನು ವಾಚಕರು ಲಕ್ಷಿಸಬೇಕು. ಅರಸನು ಯಾರನ್ನೋ ಬಿಟ್ಟು ಯಾರನ್ನೋ ಹಿಡಿದವನಲ್ಲ. ತಪ್ಪಿತಸ್ಥರೊಬ್ಬರೂ ಉಳಿಯಬಾರದೆಂಬ ಆತುರದಲ್ಲಿ ಹತ್ತಿರ ಕಂಡವನನ್ನೂ ಸೇರಿಸಿಕೊಂಡನು. ಅನ್ಯಾಯದ ಶಿಕ್ಷೆಗಳಲ್ಲಿ ಬಹುಪಾಲು ಈ ಬಗೆಯವು. ದ್ವೇಷದಿಂದ ನಿರಪರಾಧಿಯನ್ನು ಹುಡುಕಿ ಕೊಲ್ಲುವ ದೊರೆ ವಿರಳ. ಬಲೆಯನ್ನು ಅಗಲವಾಗಿ ಬೀಸುವ ದೊರೆ ಎಲ್ಲೆಲ್ಲಿಯೂ ಉಂಟು. ನಾರದನು ದೂರುವುದು ಅರಸನ ದುಷ್ಟತನವನ್ನಲ್ಲ, ವ್ಯವಹಾರವನ್ನು, ಎಂದರೆ ವಿಚಾರಣೆಯ ಕ್ರಮವನ್ನು. ಕಳ್ಳನಲ್ಲದವನನ್ನು ಕಳ್ಳನನ್ನಾಗಿ ಮಾಡಿದ್ದು ಅದೇ.

ವಿಜ್ಞಾನೇಶ್ವರನ ಅನಂತರ ಒಂದೆರಡು ತಲೆಮಾರಿನಲ್ಲಿಯೇ ಅದೇ ಕಲ್ಯಾಣದಲ್ಲಿ ಶರಣರ ಕಾಲ ಬಂದಿತು. ಬಿಜ್ಜಳನ ಭಂಡಾರವನ್ನು ಬಸವಣ್ಣನವರು ಜಂಗಮರಿಗೆ ಸವೆಸಿದರೆಂಬ ದೂರು ಬಂದಾಗ ಅರಸನು ಹೊನ್ನನ್ನು ಎಣಿಸಿ ನೋಡಿದನೆಂದೂ ಲೆಕ್ಕ ಸರಿಯಾಗಿತ್ತೆಂದೂ ಬಸವಪುರಾಣಗಳು ಹೇಳುತ್ತವೆ. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯಲ್ಲಿಯೂ 1369ರ ಭೀಮಕವಿಯ ಕನ್ನಡ ಕೃತಿಯಲ್ಲಿಯೂ ಇದು ಪವಾಡವಾಗಿಯೇ ನಿರೂಪಿತವಾಗಿದೆ. ಪವಾಡದ ಮಾತು ಹಾಗಿರಲಿ. ಎಣಿಸಿ ನೋಡಿದನೆಂಬುದು ಮುಖ್ಯ. ದೂರಿದವರು ಅನೇಕರು, ಸಂಶಯ ಬಲವಾಗಿತ್ತು, ಆದರೂ ಲೆಕ್ಕವನ್ನು ನೋಡುವವರೆಗೆ ದಂಡವು ಏಳಲಿಲ್ಲ. ಹರಳಯ್ಯ ಮಧುವರಸರ ಪ್ರಸಂಗದಲ್ಲಿ ಅದೇ ಅರಸನು ಎಣಿಸುವ ಗೋಜಿಗೆ ಹೋಗದೆ ಕ್ರೂರದಂಡನೆಗೆ ಆಜ್ಞೆಯಿತ್ತನು. ಅದರ ಫಲವೇನಾಯಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಿಲ್ಲ.

ಶರಣರ ಗೋಷ್ಠಿಯಲ್ಲಿ ದಂಡ್ಯರಿಗೂ ಎಡೆಯಿತ್ತೆಂಬುದು ನಿಜ. ಕನ್ನ ಕೊರೆಯುವ ವೃತ್ತಿಯನ್ನು ಬಿಟ್ಟು ಬಂದ ಕನ್ನದ ಮಾರಿತಂದೆ ವಚನಕಾರನಾದನು. ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯಿಲ್ಲದೆ ಕರುಗಳು ಅಳುವುವೆಂದು ಅವನ್ನೂ ಕಳ್ಳರಲ್ಲಿಗೇ ಕಳುಹಿಸಿದರೆಂಬ ಐತಿಹ್ಯ ಮನೆಮಾತಾಗಿದೆ. ಇದನ್ನು ರಾಜನೀತಿಗೆ ಮಾದರಿಯೆಂದು ತೆಗೆದುಕೊಳ್ಳುವವರು ಒಂದು ವಿವೇಚನೆಯನ್ನು ಮರೆಯುತ್ತಾರೆ. ಹಸುಗಳು ಬಸವಣ್ಣನವರವು. ತನ್ನದನ್ನು ಕಳೆದುಕೊಂಡವನಿಗೆ ಕ್ಷಮಿಸುವ ಅಧಿಕಾರವುಂಟು. ನೆರೆಯವನ ಹಸುವನ್ನು ಕದ್ದವನನ್ನು ಕ್ಷಮಿಸುವ ಅಧಿಕಾರ ಬಸವಣ್ಣನವರಿಗೂ ಇರಲಿಲ್ಲ, ಅವರು ಹಾಗೆ ಮಾಡಲೂ ಇಲ್ಲ. ಅರಸನ ಬಳಿಯಿರುವ ನೋವುಗಳೆಲ್ಲ ಇತರರು ನಂಬಿ ಒಪ್ಪಿಸಿದವು. ದಂಡ್ಯನನ್ನು ಬಿಡುವುದೂ ದೋಷವೇ ಎಂದು ವಸಿಷ್ಠನು ಒಂದು ರಾತ್ರಿಯ ಉಪವಾಸವನ್ನು ವಿಧಿಸಿದ್ದು ಇದಕ್ಕಾಗಿಯೇ ಇರಬೇಕು.

ಲೋಕದ ಇತರೆಡೆಗಳಲ್ಲಿಯೂ ಈ ತೂಕ ನಡೆದಿದೆ. ಬಸವಯುಗಕ್ಕೆ ಸಮಕಾಲೀನನಾಗಿದ್ದ ಯೆಹೂದಿ ಪಂಡಿತ ಮೈಮೋನಿಡೀಸನು ಒಬ್ಬ ನಿರಪರಾಧಿಯ ಪ್ರಾಣಕ್ಕೆ ಎದುರಾಗಿ ಸಾವಿರ ಅಪರಾಧಿಗಳ ಬಿಡುಗಡೆಯನ್ನಿಟ್ಟನು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಬ್ಲಾಕ್‌ಸ್ಟೋನನು ಅದನ್ನು ಹತ್ತಕ್ಕಿಳಿಸಿದನು. ನಮ್ಮ ವಕೀಲರ ಬಾಯಲ್ಲಿ ಇಂದಿಗೂ ಆಡುವುದು ಈ ಹತ್ತರ ಲೆಕ್ಕವೇ. ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯದಲ್ಲಿ 1973ರಲ್ಲಿಯೇ ಎರಡು ಬಗೆಯ ಧ್ವನಿಗಳು ಕೇಳಿಬಂದವು. ಕಾಳೀರಾಮನ ಪ್ರಕರಣದಲ್ಲಿ, ಅನುಮಾನವಿದ್ದಲ್ಲಿ ಆರೋಪಿಗೆ ಅದರ ಲಾಭ ಸಲ್ಲಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಲಾಯಿತು. ಶಿವಾಜಿ ಬೋಬಡೆಯ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಕ್ಷುಲ್ಲಕ ಸಂಶಯಗಳ ನೆಪದಿಂದ ತಪ್ಪಿತಸ್ಥರು ಸಾಲುಸಾಲಾಗಿ ಪಾರಾದರೆ ಜನರಿಗೆ ನ್ಯಾಯದಲ್ಲಿ ನಂಬಿಕೆ ಹೋಗಿ ಇನ್ನೂ ಕಠೋರವಾದ ಕಾನೂನುಗಳಿಗೆ ಬೇಡಿಕೆ ಏಳುವುದೆಂದು ಎಚ್ಚರಿಸಿದರು. ಆ ಎಚ್ಚರಿಕೆ ನಿಜವಾಗಲು ಹನ್ನೆರಡು ವರ್ಷಗಳು ಸಾಕಾದವು. 1985ರಲ್ಲಿ ಟಾಡಾ ಎಂಬ ಭಯೋತ್ಪಾದನಾ ನಿಗ್ರಹ ಕಾನೂನು ಬಂದಿತು. 1987ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. 1872ರ ಸಾಕ್ಷ್ಯ ಅಧಿನಿಯಮವು ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಪುರಾವೆಯೆಂದು ಒಪ್ಪುತ್ತಿರಲಿಲ್ಲ. ಟಾಡಾದಲ್ಲಿ ಸೂಪರಿಂಟೆಂಡೆಂಟ್ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಪುರಾವೆಯಾಯಿತು. ಜಾಮೀನು ಅತಿ ದುರ್ಲಭವಾಯಿತು. ಯಾಜ್ಞವಲ್ಕ್ಯನ ಲಕ್ಷಣಗಳ ಪಟ್ಟಿ ಮರಳಿ ಬಂದಿತು, ವಿಜ್ಞಾನೇಶ್ವರನ ಟಿಪ್ಪಣಿ ಮಾತ್ರ ಬರಲಿಲ್ಲ.

ಈ ಕಾನೂನು ಕನ್ನಡ ನಾಡಿನಲ್ಲಿ ಅತ್ಯಂತ ಭಾರವಾಗಿ ಇಳಿದದ್ದು ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡಂಚಿನ ಹಳ್ಳಿಗಳ ಮೇಲೆ. ಕಂಸಾಳೆಯವರ ಹಾಡಿನ ಏಳುಮಲೆಯ ಸೀಮೆ ಅದು. ಬೇಡಗಂಪಣರು, ಸೋಲಿಗರು, ತಮಿಳು ನುಡಿಯುವ ರೈತರು ನೆರೆಹೊರೆಯಾಗಿ ಬಾಳಿದ ನೆಲ. ಆನೆದಂತ ಮತ್ತು ಗಂಧದ ಕಳ್ಳಸಾಗಣೆಯಿಂದ ಬೆಳೆದ ವೀರಪ್ಪನ್ ಇಲ್ಲಿಯೇ ನೆಲೆಯೂರಿದನು. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಅವನು ವಂಚಿಸಿ ಕೊಂದನು. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಪೊಲೀಸ್ ಸೂಪರಿಂಟೆಂಡೆಂಟ್ ಟಿ. ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರಿನ ಸಮೀಪ ನೆಲಬಾಂಬುಗಳು ಸಿಡಿದು 22 ಜನ ಸತ್ತರು. ಇವೆಲ್ಲ ನಡೆದ ಕೊಲೆಗಳು. ಇವಕ್ಕೆ ಹೊಣೆಯಾದವರು ದಂಡ್ಯರೆಂಬುದರಲ್ಲಿ ಎರಡು ಮಾತಿಲ್ಲ.

ಮುಖ್ಯ ಅಪರಾಧಿ ಕಾಡಿನಲ್ಲಿದ್ದನು, ಕೈಗೆ ಸಿಕ್ಕಲಿಲ್ಲ. ಕಾಡಿನ ಅಂಚಿನಲ್ಲಿದ್ದವರು ಸಿಕ್ಕರು. ಅವನಿಗೆ ಅಕ್ಕಿ ಕೊಟ್ಟವರು, ದಾರಿ ತೋರಿದವರು, ಹೆದರಿ ಬಾಯಿ ಮುಚ್ಚಿದವರು, ಅವನ ಊರಿನವರು, ಇವರಲ್ಲಿ ಯಾರು ಸಂಗಾತಿ, ಯಾರು ಬರಿಯ ನೆರೆಯವ? ಮಾತಾಡಿದರೆ ಕಾಡಿನಿಂದ ಸಾವು, ಆಡದಿದ್ದರೆ ಠಾಣೆಯಿಂದ ಹಿಂಸೆ. ಮಾಂಡವ್ಯನ ಮೌನಕ್ಕಾದರೂ ವ್ರತದ ಗೌರವವಿದ್ದಿತು. ಸ್ತ್ರೀಯರೂ ಸೇರಿ ನೂರಕ್ಕೂ ಮಿಕ್ಕ ಜನರ ಮೇಲೆ ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ಟಾಡಾ ಮೊಕದ್ದಮೆಗಳು ನಡೆದವು. ಅನೇಕರು 1993ರ ಆಸುಪಾಸಿನಿಂದ ಸೆರೆಯಲ್ಲಿದ್ದರು. ಕಾನೂನಿನ ಅವಧಿಯೇ 1995ರ ಮೇ ತಿಂಗಳಲ್ಲಿ ಮುಗಿದುಹೋಯಿತು. ಆದರೆ ಅದರಡಿ ಹೂಡಿದ ಮೊಕದ್ದಮೆಗಳು ಮುಗಿಯಲಿಲ್ಲ, ಬಂದಿಗಳು ಒಳಗೇ ಉಳಿದರು.

2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನ ಮನೆಯಿಂದ ಡಾ. ರಾಜಕುಮಾರರ ಅಪಹರಣವಾದಾಗ ಈ ಮರೆತ ಬಂದಿಗಳು ನಾಡಿಗೆ ನೆನಪಾದರು. ಮೈಸೂರಿನ ಸೆರೆಯಲ್ಲಿದ್ದ 51 ಟಾಡಾ ಬಂದಿಗಳನ್ನು ಬಿಡಬೇಕೆಂಬುದು ಕಾಡಿನಿಂದ ಬಂದ ಬೇಡಿಕೆಗಳಲ್ಲಿ ಒಂದು. ಸರ್ಕಾರ ಒಪ್ಪಿತು, ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಸರ್ಕಾರಿ ಅಭಿಯೋಜಕರು ಅರ್ಜಿ ಹಾಕಿದರು, ವಿಶೇಷ ನ್ಯಾಯಾಲಯ ಅನುಮತಿಸಿತು. ಆಗ ಅಡ್ಡ ಬಂದವರು ಮೀಣ್ಯದಲ್ಲಿ ಮಡಿದ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ. ಅವರು ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. ಕರ್ನಾಟಕವೆಲ್ಲ ತನ್ನ ಪ್ರೀತಿಯ ನಟನ ಬಿಡುಗಡೆಗಾಗಿ ಹರಕೆ ಹೊತ್ತು ಕುಳಿತಿದ್ದ ದಿನಗಳಲ್ಲಿ ಒಬ್ಬ ವೃದ್ಧ ತಂದೆ ಹಾಗೆ ನಿಲ್ಲುವುದಕ್ಕೆ ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ಆ ಕಾಲವನ್ನು ಕಂಡವರು ಬಲ್ಲರು.

2000ದ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಹಿಂತೆಗೆತವನ್ನು ರದ್ದುಪಡಿಸಿತು. ಅಭಿಯೋಜಕರು ಸ್ವತಂತ್ರವಾಗಿ ವಿಚಾರ ಮಾಡಿರಲಿಲ್ಲ, ವಿಶೇಷ ನ್ಯಾಯಾಲಯವೂ ಅದನ್ನು ಪರಿಶೀಲಿಸಿರಲಿಲ್ಲ, ಕಾನೂನು ಮೀರಿದವನ ಬೆದರಿಕೆಗೆ ಮಣಿದು ಮೊಕದ್ದಮೆಯನ್ನು ಬಿಡುವುದು ನ್ಯಾಯದ ಹಿತವಾಗದು ಎಂಬುದು ತೀರ್ಪಿನ ತಿರುಳು. ತೀರ್ಪು ಸರಿಯಾದದ್ದೇ. ಮಗನನ್ನು ಕಳೆದುಕೊಂಡವರು ಅಬ್ದುಲ್ ಕರೀಂ. ಅವರ ಪರವಾಗಿ ಕ್ಷಮಿಸಲು ಯಾವ ಮಂತ್ರಿಮಂಡಲಕ್ಕೂ ಹಕ್ಕಿರಲಿಲ್ಲ. ರಾಜಕುಮಾರರು ಇದಾದ ಎಂಟು ದಿನಗಳಲ್ಲಿ, ನವೆಂಬರ್ 15ರಂದು, 108 ದಿನಗಳ ಅನಂತರ ಬಿಡುಗಡೆಯಾದರು. ಟಾಡಾ ಬಂದಿಗಳು ಸೆರೆಯಲ್ಲಿಯೇ ಇದ್ದರು.

ಆದರೆ ಸರ್ಕಾರದ ಅರ್ಜಿಯಲ್ಲಿ ಇನ್ನೊಂದು ದೋಷವಿತ್ತು. ಅದನ್ನು ಆಗ ಹೆಚ್ಚು ಜನ ಗಮನಿಸಿದಂತಿಲ್ಲ. ಆ 51 ಜನರಲ್ಲಿ ದಂಡ್ಯರೆಷ್ಟು, ಅದಂಡ್ಯರೆಷ್ಟು ಎಂದು ವಿಂಗಡಿಸುವ ಯತ್ನ ಅಲ್ಲಿ ಕಾಣುವುದಿಲ್ಲ. ಏಳೆಂಟು ವರ್ಷ ಎಲ್ಲರನ್ನೂ ಒಟ್ಟಾಗಿ ಇಟ್ಟುಕೊಂಡಿದ್ದ ಕೈಯೇ ಈಗ ಎಲ್ಲರನ್ನೂ ಒಟ್ಟಾಗಿ ಬಿಡಲು ಹೊರಟಿತು. ಎಲ್ಲರನ್ನೂ ಹಿಡಿದದ್ದಕ್ಕೂ ಎಲ್ಲರನ್ನೂ ಬಿಡಹೊರಟದ್ದಕ್ಕೂ ಮೂಲ ಒಂದೇ, ಎಣಿಸಿ ನೋಡುವ ಕಷ್ಟವನ್ನು ತಪ್ಪಿಸಿಕೊಳ್ಳುವುದು. ಅಪರಾಧಿಯ ಬಿಡುಗಡೆಯನ್ನೂ ನಿರಪರಾಧಿಯ ಶಿಕ್ಷೆಯನ್ನೂ ಎದುರುಬದುರು ತಟ್ಟೆಗಳಲ್ಲಿಟ್ಟು ಒಂದು ಏರಿದರೆ ಇನ್ನೊಂದು ಇಳಿಯುವುದೆಂದು ನಾವು ತಿಳಿಯುತ್ತೇವೆ. ಮಹದೇಶ್ವರ ಬೆಟ್ಟದ ಇತಿಹಾಸದಲ್ಲಿ ಎರಡೂ ಒಂದೇ ತಟ್ಟೆಯಲ್ಲಿ ಕುಳಿತಿದ್ದವು. ಹಳ್ಳಿಗರು ಸೆರೆಯಲ್ಲಿದ್ದ ಅಷ್ಟೂ ವರ್ಷ ವೀರಪ್ಪನ್ ಹೊರಗಿದ್ದನು. ಅವರ ಒಂದೊಂದು ದಿನದ ಬಂಧನದಿಂದ ಶಕೀಲ್ ಅಹಮದರ ತಂದೆಗೆ ಸಂದದ್ದೇನೂ ಇಲ್ಲ.

ಎಣಿಕೆ ಕೊನೆಗೂ 2001ರ ಸೆಪ್ಟೆಂಬರಿನಲ್ಲಿ ನಡೆಯಿತು. ಮೈಸೂರಿನ ವಿಶೇಷ ನ್ಯಾಯಾಲಯವು ಕೆಲವೇ ಜನರನ್ನು ಅಪರಾಧಿಗಳೆಂದು ನಿರ್ಣಯಿಸಿ ಬಹುಪಾಲು ಆರೋಪಿಗಳನ್ನು ಬಿಡುಗಡೆ ಮಾಡಿತು. ಬಿಡುಗಡೆಯಾದವರೆಲ್ಲರೂ ಏನೂ ಅರಿಯದವರೆಂದು ಹೇಳಲಾಗದು. ಅವರ ತಪ್ಪು ಸಿದ್ಧವಾಗಲಿಲ್ಲವೆಂದಷ್ಟೆ ಹೇಳಬಹುದು, ನ್ಯಾಯಕ್ಕೆ ಅಷ್ಟು ಸಾಕು. ಕಾಡಿನ ಬೆದರಿಕೆಯಿಂದ ಆಗಬಾರದಿದ್ದ ಬಿಡುಗಡೆ ವಿಚಾರಣೆಯಿಂದ ಆಯಿತು. ಆ ವಿಚಾರಣೆಯೇ ಮೊದಲ ಎರಡು ವರ್ಷಗಳಲ್ಲಿ ಮುಗಿದಿದ್ದರೆ ಬಂದಿಗಳಿಗೂ ಅಬ್ದುಲ್ ಕರೀಂ ಅವರಿಗೂ ಒಂದೇ ತೀರ್ಪಿನಲ್ಲಿ ನ್ಯಾಯ ದೊರೆಯುತ್ತಿತ್ತು.

ಶಿಕ್ಷೆಗೊಳಗಾದವರ ಕಥೆಯೂ ನೇರವಾಗಿಲ್ಲ. ಜೀವಾವಧಿ ಪಡೆದ ನಾಲ್ವರು ಮೇಲ್ಮನವಿ ಸಲ್ಲಿಸಿದಾಗ ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ನೋಟೀಸು ಕೊಟ್ಟು 2004ರ ಜನವರಿ 29ರಂದು ಅದನ್ನು ಮರಣದಂಡನೆಗೆ ಏರಿಸಿತು. ಅದೇ ವರ್ಷ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ವೀರಪ್ಪನ್ ಪೊಲೀಸರ ಗುಂಡಿಗೆ ಸತ್ತನು. ಯಾವ ನ್ಯಾಯಾಲಯವೂ ಅವನನ್ನು ವಿಚಾರಿಸಲಿಲ್ಲ. ನಾಲ್ವರ ದಯಾಭಿಕ್ಷೆಯ ಅರ್ಜಿ ಒಂಬತ್ತು ವರ್ಷ ಬಾಕಿಯಿದ್ದು 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. ಆ ವಿಳಂಬವನ್ನೇ ಕಾರಣವಾಗಿಟ್ಟು ಸರ್ವೋಚ್ಚ ನ್ಯಾಯಾಲಯವು 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪಿನಲ್ಲಿ ಮರಣದಂಡನೆಯನ್ನು ಮತ್ತೆ ಜೀವಾವಧಿಗೆ ಇಳಿಸಿತು.

ಕಾರ್ಯಾಚರಣೆಯ ಹೆಸರಿನಲ್ಲಿ ನಡೆದ ಹಿಂಸೆಯ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತ್ತು. ಎರಡು ರಾಜ್ಯಗಳ ಕಾಡಂಚಿನ ಹಳ್ಳಿಗರು ಅದರ ಮುಂದೆ ಬಂದು ಹೇಳಿಕೆ ಕೊಟ್ಟರು. ಅದರ ಆಧಾರದ ಮೇಲೆ ಆಯೋಗವು 2007ರಲ್ಲಿ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿಗಳ ಪರಿಹಾರವನ್ನು ಕೊಡಿಸಿತು.

ಈ ಪರಿಹಾರದ ವಿಚಾರವೂ ಮಿತಾಕ್ಷರೆಗೆ ಹೊಸದಲ್ಲ. ಅರಸನು ಅನ್ಯಾಯವಾಗಿ ದಂಡವನ್ನು ಕಿತ್ತುಕೊಂಡಿದ್ದರೆ ಅದರ ಮೂವತ್ತು ಪಟ್ಟನ್ನು ವರುಣನಿಗೆ ನಿವೇದಿಸಿ ದಾನಮಾಡಬೇಕೆಂದು ಯಾಜ್ಞವಲ್ಕ್ಯನು ವಿಧಿಸಿದನು. ಇಷ್ಟರಲ್ಲಿ ದಂಡ ತೆತ್ತವನಿಗೆ ಏನು ಬಂದಿತೆಂದು ಕೇಳಬಹುದಷ್ಟೆ. ವಿಜ್ಞಾನೇಶ್ವರನು ಅದನ್ನು ಮರೆಯಲಿಲ್ಲ: ಯಾರಿಂದ ಕಿತ್ತುಕೊಂಡದ್ದೋ ಅವನಿಗೆ ಅಷ್ಟನ್ನೂ ಹಿಂದಿರುಗಿಸಬೇಕು, ಇಲ್ಲವಾದರೆ ಅರಸನೇ ಅಪಹರಿಸಿದ ದೋಷ ಬರುವುದೆಂದು ಸೇರಿಸಿದನು. ತಪ್ಪು ತೀರ್ಪಿತ್ತ ಸಭ್ಯರಿಗೂ ಅಲ್ಲಿ ದಂಡವುಂಟು. ನಮ್ಮ 1973ರ ದಂಡ ಪ್ರಕ್ರಿಯಾ ಸಂಹಿತೆಯ 358ನೆಯ ಕಲಮು ಆಧಾರವಿಲ್ಲದೆ ಬಂಧನಕ್ಕೊಳಗಾದವನಿಗೆ, ಬಂಧನ ಮಾಡಿಸಿದವನಿಂದ ಸಾವಿರ ರೂಪಾಯಿಗೆ ಮೀರದ ಪರಿಹಾರವನ್ನು ಕೊಡಿಸುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಆ ಸಾವಿರ ಸಾವಿರವಾಗಿಯೇ ಉಳಿದಿದೆ. ಅನ್ಯಾಯದ ಮೊಕದ್ದಮೆಗೆ ಸಿಕ್ಕವರಿಗೆ ರಾಜ್ಯವೇ ಪರಿಹಾರ ಕೊಡುವಂಥ ಕಾನೂನು ಬೇಕೆಂದು ಕೇಂದ್ರದ ಕಾನೂನು ಆಯೋಗವು 2018ರಲ್ಲಿ ತನ್ನ 277ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಆ ಕಾನೂನು ಇನ್ನೂ ಬಂದಿಲ್ಲ.